ಬುತ್ತಿ, ಬೆಟ್ಟ, ಮನೆಯೊಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಡಿಸೆಂಬರ್ ರಜೆ ಹತ್ತಿರ ಬಂತು. ಈ ತಿಂಗಳ ಪತ್ರಗಳಲ್ಲಿ ಅರ್ಧದಷ್ಟು ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತುವುದರ ಬಗ್ಗೆ, ಉಳಿದವು ಅಡುಗೆಮನೆ ಮತ್ತು ಬಚ್ಚಲುಮನೆಯ ಬಗ್ಗೆ. ಉತ್ತರಗಳು ಒಂದಕ್ಕೊಂದು ಕೂಡಿಕೊಂಡೇ ಇವೆ. ಮನೆಮಂದಿಯ ತಿರುಗಾಟದಲ್ಲಿ ದುಡ್ಡು ಸೋರುವುದು ಹೆಚ್ಚಾಗಿ ಹೊರಗಿನ ಊಟದಲ್ಲಿ, ಮತ್ತು ಒಮ್ಮೆ ಬಳಸಿ ಅಟ್ಟಕ್ಕೆ ಸೇರುವ ಸಾಮಾನಿನಲ್ಲಿ. ಎರಡನ್ನೂ ಮನೆಯಲ್ಲೇ ತಡೆಯಬಹುದು.

ಶನಿವಾರ ಬೆಳಿಗ್ಗೆ 5ಕ್ಕೆ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಪ್ರವಾಸ. ನಾವಿಬ್ಬರು, 7 ಮತ್ತು 11 ವರ್ಷದ ಮಕ್ಕಳು. ಹೋದ ಸಲ ಕಟ್ಟಿಕೊಂಡು ಹೋದ ಚಿತ್ರಾನ್ನ ಮಧ್ಯಾಹ್ನಕ್ಕೇ ಹಳಸಿತು. ಎರಡು ದಿನಕ್ಕೆ ಏನು ಬುತ್ತಿ ಕಟ್ಟಬಹುದು?
— ತುಮಕೂರಿನ ಓದುಗರು

ಚಿತ್ರಾನ್ನ ಹಳಸಲು ಸಾಮಾನ್ಯವಾಗಿ ಮೂರು ಕಾರಣ: ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚುವುದು, ಹಸಿ ತೆಂಗಿನತುರಿ, ಅರೆಬೆಂದ ಈರುಳ್ಳಿ. ಮುಚ್ಚಳದೊಳಗೆ ಹಬೆ ನೀರಾಗಿ ಅನ್ನದ ಮೇಲೆಯೇ ಬೀಳುತ್ತದೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ, ಉಗುರುಬೆಚ್ಚಗಿನ ಒದ್ದೆಯಲ್ಲಿ ಬೇಗ ಬೆಳೆದು ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ವಾಸನೆ ಸ್ವಲ್ಪ ಬದಲಾಗಿದೆ ಅನ್ನಿಸಿದ ಅನ್ನವನ್ನು ಬಿಸಿ ಮಾಡಿ ಮಕ್ಕಳಿಗೆ ಕೊಡಬೇಡಿ, ಚೆಲ್ಲಿಬಿಡಿ.

ಬುತ್ತಿಯನ್ನು ಯಾವುದು ಮೊದಲು ಕೆಡುತ್ತದೆ ಎಂಬ ಲೆಕ್ಕದಲ್ಲಿ ಕಟ್ಟಿ. ಶನಿವಾರ ಬೆಳಗಿನ ತಿಂಡಿಗೆ ಚಪಾತಿ ಮತ್ತು ನೀರಿಲ್ಲದ ಪಲ್ಯ. ಮಧ್ಯಾಹ್ನಕ್ಕೆ ಮೊಸರನ್ನ. ಸಂಜೆಯೊಳಗೆ ಮುಗಿಸಲು ಪುಳಿಯೋಗರೆ. ಭಾನುವಾರಕ್ಕೆ ಖಡಕ್ ಜೋಳದ ರೊಟ್ಟಿ, ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿ, ಬಾಳೆಹಣ್ಣು.

ಮೊಸರನ್ನಕ್ಕೆ ಮೊಸರು ಕಲಸಿಕೊಂಡು ಹೋದರೆ ಮಧ್ಯಾಹ್ನಕ್ಕೆ ಹುಳಿಯಾಗಿ ಹಲ್ಲು ಚುಳ್ಳೆನ್ನುತ್ತದೆ. ಒಂದು ಲೋಟ ಅಕ್ಕಿಯ ಅನ್ನವನ್ನು ಮೆತ್ತಗೆ ಮಾಡಿ, ಕಿವುಚಿ, ಎರಡು ಲೋಟ ಕಾಯಿಸಿದ ಹಾಲು ಬೆರೆಸಿ. ಬೆರಳಿಟ್ಟರೆ ಹಿತವಾಗುವಷ್ಟು ಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಹಾಕಿ ಕಲಸಿ. ದಾರಿಯಲ್ಲೇ ಹೆಪ್ಪಾಗುತ್ತದೆ, ತೆರೆದಾಗ ಸಿಹಿ ಮೊಸರಿನ ರುಚಿ ಇರುತ್ತದೆ. ಉಪ್ಪು ತಿನ್ನುವಾಗ ಹಾಕಿಕೊಳ್ಳಿ.

ಪುಳಿಯೋಗರೆಗೆ ಅರ್ಧ ಕಿಲೋ ಅಕ್ಕಿ ನಾಲ್ಕು ಜನಕ್ಕೆ ಧಾರಾಳ. ಅನ್ನ ಉದುರುದುರಾಗಬೇಕು, ದಿನನಿತ್ಯಕ್ಕಿಂತ ಕಾಲು ಭಾಗ ನೀರು ಕಡಿಮೆ ಇಡಿ. ಬೆಂದ ಕೂಡಲೇ ಅಗಲ ತಟ್ಟೆಯಲ್ಲಿ ಹರವಿ, ಎರಡು ಚಮಚ ಎಳ್ಳೆಣ್ಣೆ ಸವರಿ, ಫ್ಯಾನಿನ ಕೆಳಗೆ ಪೂರ್ತಿ ಆರಿಸಿ. 60 ಗ್ರಾಂ ಹುಣಸೆಹಣ್ಣಿನ ಗಟ್ಟಿ ರಸ, 30 ಗ್ರಾಂ ಬೆಲ್ಲ, ಉಪ್ಪು, ಅರಿಶಿನ, 80 ಮಿಲೀ ಎಳ್ಳೆಣ್ಣೆಯ ಒಗ್ಗರಣೆ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಗೊಜ್ಜು ಆಯಿತು. ಎಣ್ಣೆ ಬಿಡುವ ಮೊದಲೇ ಇಳಿಸಿದರೆ ನೀರು ಉಳಿಯುತ್ತದೆ, ಕೆಡುವುದು ಆ ನೀರಿನಿಂದಲೇ. ಹಸಿ ಕಾಯಿ ಬೇಡ, ಬೇಕೆನ್ನಿಸಿದರೆ ಹುರಿದ ಕೊಬ್ಬರಿ ಪುಡಿ ಹಾಕಿ. ತಣ್ಣನೆಯ ಅನ್ನಕ್ಕೆ ತಣ್ಣನೆಯ ಗೊಜ್ಜು ಕಲಸಿ ಡಬ್ಬಿಗೆ ತುಂಬಿ. ಇಷ್ಟೆಲ್ಲ ಮಾಡಿದರೂ ಇದು ಅದೇ ದಿನದ ಊಟ, ಮರುದಿನಕ್ಕಲ್ಲ.

ಮರುದಿನಕ್ಕೆ ಉತ್ತರ ಕರ್ನಾಟಕದ ಖಡಕ್ ರೊಟ್ಟಿಯನ್ನು ಮೀರಿಸುವ ಬುತ್ತಿ ಇಲ್ಲ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ನೀರಿನಂಶ ಪೂರ್ತಿ ಆರುವ ತನಕ ಕೆಂಡದ ಪಕ್ಕದಲ್ಲೋ ಹಂಚಿನ ಅಂಚಿನಲ್ಲೋ ನಿಲ್ಲಿಸಿ ಒಣಗಿಸಿದ್ದು ವಾರಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ: 250 ಗ್ರಾಂ ಹುರಿದು ಸಿಪ್ಪೆ ತೆಗೆದ ಶೇಂಗಾ, 8–10 ಬ್ಯಾಡಗಿ ಮೆಣಸಿನಕಾಯಿ, 8 ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಚೂರು ಹುಣಸೆ, ಉಪ್ಪು. ಬೆಳ್ಳುಳ್ಳಿಯನ್ನು ಹಸಿಯಾಗಿ ಹಾಕಿದರೆ ಪುಡಿ ಬೇಗ ಮುಗ್ಗುತ್ತದೆ, ಒಣ ಬಾಣಲೆಯಲ್ಲಿ ಬಾಡಿಸಿ ಹಾಕಿ. ಗುರೆಳ್ಳು, ಅಗಸೆಯ ಪುಡಿಯೂ ಚೆನ್ನ, ಆದರೆ ಅವುಗಳ ಎಣ್ಣೆ ಬೇಗ ಕಮಟುವುದರಿಂದ ಎರಡು ವಾರಕ್ಕೆ ಸಾಲುವಷ್ಟೇ ಮಾಡಿ.

ಚಪಾತಿಯ ವಿಷಯ: ಹಿಟ್ಟಿಗೆ ಹಾಲು ಬೇಡ, ಬಿಸಿನೀರು ಮತ್ತು ಎಣ್ಣೆ ಸಾಕು. ಒಂದೊಂದನ್ನೂ ಆರಿಸಿದ ಮೇಲೆಯೇ ಒಂದರ ಮೇಲೊಂದು ಇಡಿ. ಹತ್ತಿಬಟ್ಟೆಯಲ್ಲಿ ಸುತ್ತಿದರೆ ಬೆವರುವುದಿಲ್ಲ. ಫಾಯಿಲ್ ಕಾಗದದ ಖರ್ಚೂ ಇಲ್ಲ.

ಹಾಸನದ ಅಂಗಡಿಗಳಲ್ಲಿ ಸಿಗುವ ಹುರಿಹಿಟ್ಟು ಮನೆಯಲ್ಲೇ ಮಾಡಲು ಹೊರಟರೆ ರಾಗಿ ಅರಳುವುದೇ ಇಲ್ಲ, ಬಾಣಲೆಯಲ್ಲಿ ಕಪ್ಪಾಗುತ್ತದೆ. ಎಲ್ಲಿ ತಪ್ಪುತ್ತಿದೆ?
— ಹಾಸನದ ಓದುಗರು

ತಪ್ಪು ನೀರಿನ ಅಳತೆಯಲ್ಲಿದೆ. ರಾಗಿ ಅರಳುವುದು ಕಾಳಿನೊಳಗಿನ ನೀರು ಒಮ್ಮೆಗೇ ಹಬೆಯಾಗಿ ಸಿಪ್ಪೆಯನ್ನು ಸಿಡಿಸುವುದರಿಂದ. ಮನೆಯಲ್ಲಿಟ್ಟ ಒಣ ರಾಗಿಯಲ್ಲಿ ನೂರಕ್ಕೆ 12ರಷ್ಟು ನೀರಿರುತ್ತದೆ, ಅರಳಲು 18ರಿಂದ 20 ಬೇಕು. ಅಂದರೆ ಒಂದು ಕಿಲೋ ಒಣ ರಾಗಿಗೆ 80ರಿಂದ 100 ಮಿಲೀ ನೀರು, ಅಥವಾ ಹುಳಿ ಮಜ್ಜಿಗೆ. ಅದಕ್ಕಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ.

ಮೊದಲು ರಾಗಿಯನ್ನು ಕೇರಿ, ಕಲ್ಲು ತೆಗೆದು, ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ತೊಳೆದ ರಾಗಿಯನ್ನು ಅರ್ಧ ಒಣಗಿಸಿ ಹುರಿದರೆ ಎಷ್ಟು ನೀರಿದೆಯೆಂದು ಯಾರಿಗೂ ತಿಳಿಯದು, ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲಿಯೇ. ಒಣಗಿದ ಮೇಲೆ ಅಳತೆಯ ನೀರನ್ನು ಸ್ವಲ್ಪ ಸ್ವಲ್ಪ ಚಿಮುಕಿಸುತ್ತ ಎರಡೂ ಕೈಯಲ್ಲಿ ಉಜ್ಜಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ತೇವ ಕಾಳಿನ ಒಳಕ್ಕೆ ಇಳಿಯುತ್ತದೆ, ಬೆಳಿಗ್ಗೆ ಮುಟ್ಟಿದರೆ ಮೇಲೆ ಒದ್ದೆ ಇರಬಾರದು.

ದಪ್ಪ ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಿ. ಒಂದು ಹನಿ ನೀರು ಬಿದ್ದರೆ ಗುಂಡಗೆ ಓಡಾಡಬೇಕು. ಒಮ್ಮೆಗೆ ಒಂದು ಹಿಡಿ, ಸುಮಾರು 50 ಗ್ರಾಂ ಮಾತ್ರ ಹಾಕಿ, ದಪ್ಪ ಬಟ್ಟೆಯ ಗಂಟಿನಿಂದ ಬಿಡದೆ ಆಡಿಸಿ. ಅರ್ಧ ನಿಮಿಷದೊಳಗೆ ಚಟಪಟ ಶುರುವಾಗಿ ನಿಲ್ಲುತ್ತದೆ, ನಿಂತ ಕೂಡಲೇ ತೆಗೆಯಿರಿ. ಬಾಣಲೆ ಕಾಯ್ದಿಲ್ಲದಿದ್ದರೆ, ಅಥವಾ ಒಮ್ಮೆಗೇ ಹೆಚ್ಚು ಸುರಿದರೆ, ಕಾಳು ನಿಧಾನವಾಗಿ ನೀರು ಕಳೆದುಕೊಂಡು ಅರಳದೆ ಸೀಯುತ್ತದೆ. ನಿಮಗೆ ಆಗುತ್ತಿರುವುದು ಬಹುಶಃ ಇದೇ. ಜರಡಿ ಹಿಡಿದು ತೊಳೆದು ಒಣಗಿಸಿದ ಮರಳನ್ನು ಬಾಣಲೆಯಲ್ಲಿ ಕಾಯಿಸಿ ಅದರಲ್ಲಿ ಹುರಿದರೆ ಕಾಳಿಗೆ ಎಲ್ಲ ಕಡೆಯಿಂದ ಶಾಖ ಸಿಗುತ್ತದೆ, ಆಮೇಲೆ ಜರಡಿಯಲ್ಲಿ ಮರಳು ಬೇರ್ಪಡಿಸಿ. ಹತ್ತರಲ್ಲಿ ಒಂದೆರಡು ಕಾಳು ಅರಳದೆ ಉಳಿಯುವುದು ಸಹಜ.

ಆರಿದ ಮೇಲೆ ಒಂದು ಕಿಲೋ ರಾಗಿಗೆ 250 ಗ್ರಾಂ ಹುರಿಗಡಲೆ, ನಾಲ್ಕು ಏಲಕ್ಕಿ ಸೇರಿಸಿ ಬೀಸಿಸಿ. ಬೆಲ್ಲ ತಿನ್ನುವಾಗಲೇ ಹಾಕಿ, ಮೊದಲೇ ಬೆರೆಸಿದರೆ ಗಾಳಿಯ ತೇವ ಎಳೆದುಕೊಂಡು ಹಿಟ್ಟು ಗಂಟುಕಟ್ಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳು ಚೆನ್ನಾಗಿರುತ್ತದೆ. ಬೆಟ್ಟದಲ್ಲಿ ಒಲೆ ಬೇಕಿಲ್ಲ: ನಾಲ್ಕು ಚಮಚ ಹಿಟ್ಟು, ಒಂದು ಚಮಚ ಬೆಲ್ಲದ ಪುಡಿ, ಹಾಲು ಅಥವಾ ನೀರು. ಹುಳಿ ಮಜ್ಜಿಗೆ, ಉಪ್ಪು, ಹಸಿಮೆಣಸಿನ ಜೊತೆಗೂ ಹೊಂದುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಎರಡೂ ಇದರ ಹತ್ತಿರಕ್ಕೆ ಬರುವುದಿಲ್ಲ. ಚಿಕ್ಕ ಮಕ್ಕಳಿಗೆ ಒಣ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ, ಗಂಟಲಿಗೆ ಅಂಟಿ ಉಸಿರು ಕಟ್ಟಬಹುದು.

ಕುಮಾರಪರ್ವತಕ್ಕೆ 7 ವರ್ಷದ ಮಗನನ್ನು ಕರೆದೊಯ್ಯಬಹುದೆ? ಶೂ, ಜಾಕೆಟ್, ಚೀಲ ಎಲ್ಲ ಹೊಸದು ಕೊಳ್ಳಬೇಕೆ?
— ಮೈಸೂರಿನ ಓದುಗರು

ಬೇಡ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತದ ದಾರಿ ಒಂದೇ ಬದಿಗೆ ಸುಮಾರು 13 ಕಿಲೋಮೀಟರ್, ತುದಿ 1,712 ಮೀಟರ್ ಎತ್ತರದಲ್ಲಿದೆ, ಏರು ಸುಮಾರು 1,600 ಮೀಟರ್. ಚಾರಣದ ಹಳೆಯ ಲೆಕ್ಕವೊಂದಿದೆ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ಗಟ್ಟಿಮುಟ್ಟಾದ ದೊಡ್ಡವರಿಗೇ ನಿಲ್ಲದೆ ಹತ್ತಲು ಐದು ಗಂಟೆ ದಾಟುತ್ತದೆ. ಮಗುವಿನ ಜೊತೆ ಅದನ್ನು ದುಪ್ಪಟ್ಟು ಮಾಡಿಕೊಳ್ಳಿ. ಇಳಿಯುವುದು ಇನ್ನೂ ಬಾಕಿ.

ಮೊದಲ ಬೆಟ್ಟಕ್ಕೆ ಹೋಗಿಬರುವುದು ಸೇರಿ ನಾಲ್ಕೈದು ಗಂಟೆಯ ನಡಿಗೆ ಮೀರಬಾರದು. ನೆಲಮಂಗಲ ಬಳಿಯ ಶಿವಗಂಗೆ, ತುಮಕೂರಿನ ದೇವರಾಯನದುರ್ಗ ಒಳ್ಳೆಯವು. ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರವಾದರೂ ರಸ್ತೆ ತುದಿಯ ಸಮೀಪದವರೆಗೆ ಹೋಗುವುದರಿಂದ ಕೊನೆಯ ಮೆಟ್ಟಿಲುಗಳನ್ನು ಮಗು ಹತ್ತಬಲ್ಲದು. ಅರಣ್ಯ ಇಲಾಖೆಯ ವ್ಯಾಪ್ತಿಯ ಚಾರಣ ದಾರಿಗಳಿಗೆ ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಹಲವು ದಾರಿ ಮುಚ್ಚುತ್ತವೆ. ಬಸ್ಸಿನ ಟಿಕೆಟ್ ತೆಗೆಯುವ ಮೊದಲು ಇದನ್ನು ನೋಡಿಕೊಳ್ಳಿ. ಡಿಸೆಂಬರಿನಲ್ಲಿ ಆರು ಗಂಟೆಗೇ ಕತ್ತಲು ಕವಿಯುತ್ತದೆ. ತುದಿ ಮುಟ್ಟಿದ್ದರೂ ಸರಿ, ಮುಟ್ಟದಿದ್ದರೂ ಸರಿ, ಮಧ್ಯಾಹ್ನ ಒಂದು ಗಂಟೆಗೆ ಹಿಂದಿರುಗುವುದು ಎಂದು ಮನೆಯಲ್ಲೇ ಮಗನಿಗೆ ಹೇಳಿಡಿ.

ಕೊಳ್ಳಬೇಕಾದದ್ದು ಒಂದೇ, ಅಡಿಯಲ್ಲಿ ಆಳವಾದ ಗೀರುಗಳಿರುವ ಶೂ. ಅದನ್ನೂ ಎರಡು ವಾರ ಶಾಲೆಗೆ ಹಾಕಿಕೊಂಡು ಹೋಗಲಿ, ಹೊಸ ಶೂ ಬೆಟ್ಟದಲ್ಲಿ ಹಿಮ್ಮಡಿಗೆ ಬೊಬ್ಬೆ ಎಬ್ಬಿಸುತ್ತದೆ. ಚೀಲಕ್ಕೆ ಶಾಲೆಯ ಬ್ಯಾಗೇ ಸಾಕು. ಅದರೊಳಗೆ ದಪ್ಪ ಪ್ಲಾಸ್ಟಿಕ್ ಗೊಬ್ಬರಚೀಲದ ಒಳಪದರವೊಂದನ್ನು ತೊಳೆದು ಹಾಕಿದರೆ ಮಳೆ ಬಂದರೂ ಒಳಗಿನ ಬಟ್ಟೆ ನೆನೆಯುವುದಿಲ್ಲ. ಮಗುವಿನ ಬೆನ್ನ ಮೇಲೆ ಅದರ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. 22 ಕಿಲೋ ತೂಗುವ ಹುಡುಗನಿಗೆ ಎರಡು ಕಿಲೋ, ಅಂದರೆ ಒಂದು ಲೀಟರ್ ನೀರು, ಒಂದು ಸ್ವೆಟರ್, ಬುತ್ತಿ. ಚಳಿಗೆ ಮನೆಯಲ್ಲಿರುವ ಉಣ್ಣೆಯ ಸ್ವೆಟರ್ ಒಳ್ಳೆಯದು. ಹತ್ತುವಾಗ ಬೆವರಿ ನೆಂದ ಹತ್ತಿಯ ಬನಿಯನ್ ಗಾಳಿಗೆ ಮೈ ತಣ್ಣಗಾಗಿಸುತ್ತದೆ, ತುದಿಯಲ್ಲಿ ಬದಲಿಸಲು ಇನ್ನೊಂದು ಒಯ್ಯಿರಿ. ದೊಡ್ಡವರಿಗೆ ತಲಾ ಎರಡೂವರೆ ಲೀಟರ್ ನೀರು ಬೇಕೇ ಬೇಕು.

ಡಿಸೆಂಬರ್ ಕೊನೆಯ ವಾರ ಸಾಗರ, ತೀರ್ಥಹಳ್ಳಿ ಕಡೆ ಕಾಡುದಾರಿಯಲ್ಲಿ ನಡೆಯುವ ಯೋಚನೆ. ಇಂಬಳಕ್ಕೆ ಉಪ್ಪು, ಸುಣ್ಣ ಒಯ್ಯಬೇಕೆ?
— ಬೆಂಗಳೂರಿನ ಓದುಗರು

ಇಂಬಳದ ಕಾಲ ಜೂನ್‌ನಿಂದ ಅಕ್ಟೋಬರ್. ನೆಲ ಒಣಗಿದಂತೆ ಅವು ಮರೆಯಾಗುತ್ತವೆ. ಆದರೆ ಅದೇ ಹೊತ್ತಿಗೆ ಉಣುಗುಗಳ ಕಾಲ ಶುರುವಾಗುತ್ತದೆ, ನೀವು ಎಚ್ಚರ ವಹಿಸಬೇಕಾದ್ದು ಅದಕ್ಕೆ. ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು, ಬೆಂಗಳೂರಿನಿಂದ ಹೋಗುವ ಹಲವರಿಗೆ ಗೊತ್ತಿಲ್ಲ.

ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಮೊದಲು ಗುರುತಾಯಿತು, ಮಂಗಗಳು ಸಾಯತೊಡಗಿದಾಗ. ವೈರಸ್ ಹರಡುವುದು ಉಣುಗು ಕಚ್ಚುವುದರಿಂದ, ಮನುಷ್ಯರಿಂದ ಮನುಷ್ಯರಿಗೆ ಅಲ್ಲ. ಎಳ್ಳಿನಷ್ಟು ಚಿಕ್ಕದಾದ ಮರಿ ಉಣುಗುಗಳೇ ಹೆಚ್ಚು ಅಪಾಯ, ಕಣ್ಣಿಗೆ ಬೀಳುವುದೂ ಕಷ್ಟ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ.

ಹೋಗುವ ಮೊದಲು ಉಳಿದುಕೊಳ್ಳುವ ಮನೆಯವರನ್ನು, ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿ: ಸುತ್ತಮುತ್ತ ಈ ವರ್ಷ ಮಂಗ ಸತ್ತಿದೆಯೇ? ಹೌದಾದರೆ ಆ ಕಾಡಿಗೆ ಮಕ್ಕಳನ್ನು ಕರೆದೊಯ್ಯಬೇಡಿ. ಪೇಟೆ, ಹೊಳೆ, ದೇವಸ್ಥಾನ ನೋಡಿ ಬನ್ನಿ. ಸುದ್ದಿ ಇಲ್ಲದಿದ್ದರೂ ತಿಳಿಬಣ್ಣದ ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳುವುದು, ತರಗೆಲೆಯ ಮೇಲೆ ಕೂರದಿರುವುದು, ಸೌದೆ ತರಗು ಮನೆಗೆ ಹೊರದಿರುವುದು ಬೇಕು. ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುತ್ತದೆ. ಅಂಗಡಿಯ ಡೀಟ್ ಮುಲಾಮು ಕೊಂಡರೆ ಮಕ್ಕಳ ವಯಸ್ಸಿಗೆ ಎಷ್ಟು ಎಂದು ಚೀಟಿ ಓದಿ ಹಚ್ಚಿ. ಬೇವಿನೆಣ್ಣೆಯೊಂದನ್ನೇ ನಂಬಿ ಮಂಗನ ಕಾಯಿಲೆಯ ಕಾಡಿಗೆ ಇಳಿಯಬಾರದು. ಸಹಜ ಬದುಕು ಎಂದು ನಾವು ಎಷ್ಟೇ ಹೇಳಿಕೊಂಡರೂ ಇಲ್ಲಿ ಇಲಾಖೆಯ ಎಣ್ಣೆಯೇ ಸರಿ.

ಸಂಜೆ ಬಂದ ಕೂಡಲೇ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ನೋಡಿ. ಕಚ್ಚಿದ್ದು ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆರಳಿನಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಬಿಡಬೇಡಿ. ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕಾದ್ದು ಯಾವ ಕಾಡಿಗೆ ಹೋಗಿದ್ದಿರಿ ಎಂಬುದನ್ನು.

ಮಳೆಗಾಲದಲ್ಲಿ ಹೋಗುವವರಿಗೆ ಇಂಬಳದ ಬಗ್ಗೆಯೂ ಎರಡು ಮಾತು. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಮಂಡಿಯವರೆಗಿನ ಚೀಲ ಹೊಲಿದು ಕಾಲುಚೀಲದ ಮೇಲೆ ಕಟ್ಟಿಕೊಂಡರೆ ಅವು ಒಳಗೆ ತೂರಲಾರವು, ಹಳೆಯ ಬೆಡ್‌ಶೀಟ್ ಸಾಕು. ಹತ್ತಿದ ಇಂಬಳಕ್ಕೆ ಉಪ್ಪು, ಬೆಂಕಿ ತೋರಿಸಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಸಣ್ಣ ತುದಿಯ ಬುಡಕ್ಕೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಅದರ ಎಂಜಲಿನಲ್ಲಿರುವ ಅಂಶ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಗಂಟೆಗಟ್ಟಲೆ ಜಿನುಗುತ್ತದೆ, ಗಾಬರಿ ಬೇಡ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಮಕ್ಕಳು ಬಗ್ಗಿ ಹಳ್ಳಕ್ಕೆ ಬಾಯಿ ಹಚ್ಚಿ ನೀರು ಕುಡಿಯಬಾರದು, ಮೂಗಿನೊಳಗೆ ಇಂಬಳ ಸೇರಿ ದಿನಗಟ್ಟಲೆ ರಕ್ತ ಸುರಿಯುವುದುಂಟು.

ಕಾಡಿನಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡಬಹುದೆ?
— ಬಳ್ಳಾರಿಯ ಓದುಗರು

ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಹುಲ್ಲುಗಾವಲಿನ ಬೆಟ್ಟಗಳಲ್ಲಿ ಒಂದು ಕಿಡಿ ಸಾಕು. ಮಕ್ಕಳಿಗೆ ಸೌದೆ ಒಲೆಯ ಅಡುಗೆ ತೋರಿಸುವ ಆಸೆ ಇದ್ದರೆ ಪರಿಚಯದವರ ಹೊಲ, ತೋಟದ ಕಣದಲ್ಲಿ ಮಾಡಿ. ಸುತ್ತ ಎರಡು ಮೀಟರ್ ತರಗು ಗುಡಿಸಿ, ಒಂದು ಕೊಡ ನೀರು ಪಕ್ಕದಲ್ಲಿಟ್ಟುಕೊಳ್ಳಿ. ಹೆಬ್ಬೆರಳು ಗಾತ್ರದ ಒಣಗಿದ ಕಡ್ಡಿ ಚೆನ್ನಾಗಿ ಉರಿಯುತ್ತದೆ, ಮುರಿದಾಗ ಟಪ್ ಎನ್ನದ್ದು ಹಸಿ. ಕಣಗಿಲೆಯ ಕಡ್ಡಿಯನ್ನು ಒಲೆಗೂ ಹಾಕಬೇಡಿ, ಜೋಳದ ತೆನೆ ಚುಚ್ಚಿ ಸುಡಲೂ ಬಳಸಬೇಡಿ. ಗಿಡವಿಡೀ ಹೃದಯಕ್ಕೆ ವಿಷ. ಕೊನೆಗೆ ನೀರು ಸುರಿದು, ಕಲಕಿ, ಮತ್ತೆ ಸುರಿದು, ಬೂದಿಯ ಸಮೀಪ ಅಂಗೈ ಹಿಡಿದು ನೋಡಿ. ಬೆಚ್ಚಗಿದ್ದರೆ ಇನ್ನೂ ಆರಿಲ್ಲ.

ಕುಚಲಕ್ಕಿ ಬೇಯಿಸುವುದಕ್ಕೇ ಅರ್ಧ ಗ್ಯಾಸು ಹೋಗುತ್ತದೆ. ಕುಕ್ಕರಿನಲ್ಲಿ ಗಂಜಿ ರುಚಿಸುವುದಿಲ್ಲ. ಬೇರೆ ದಾರಿ?
— ಮಂಗಳೂರಿನ ಓದುಗರು

ಶಾಖ ಹಿಡಿದಿಡುವ ಪೆಟ್ಟಿಗೆ. ಕರಾವಳಿಯ ಪಾತ್ರೆ ಅಂಗಡಿಗಳಲ್ಲಿ ಥರ್ಮಲ್ ಕುಕ್ಕರ್ ಎಂದು ಸಿಗುತ್ತದೆ, ಮನೆಯಲ್ಲೂ ಮಾಡಬಹುದು. ಪಾತ್ರೆಗಿಂತ ಎಲ್ಲ ಕಡೆ 10 ಸೆಂಟಿಮೀಟರ್ ದೊಡ್ಡದಾದ ರಟ್ಟಿನ ಪೆಟ್ಟಿಗೆ ಅಥವಾ ಬುಟ್ಟಿ. ಅಡಿ, ಬದಿ, ಮೇಲೆ ಒತ್ತಾಗಿ ಹಳೆಯ ಕೌದಿ, ಕಂಬಳಿ ಅಥವಾ ಒಣ ಬೈಹುಲ್ಲು. ಮೇಲಿನ ಹೊದಿಕೆ ಹಗುರವಾಗಿದ್ದರೆ ಶಾಖ ಅಲ್ಲಿಂದಲೇ ಹೋಗುತ್ತದೆ, ಅಲ್ಲಿ ದಪ್ಪ ದಿಂಬು ಒತ್ತಿ.

ಅಕ್ಕಿಯನ್ನು ಎರಡು ಗಂಟೆ ನೆನೆಸಿ. ಅಕ್ಕಿಯ ನಾಲ್ಕರಿಂದ ಐದು ಪಟ್ಟು ನೀರು ಕುದಿಸಿ ಅಕ್ಕಿ ಹಾಕಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಚೆನ್ನಾಗಿ ಕುದಿಯಲಿ. ಮುಚ್ಚಳ ತೆಗೆಯದೆ ಪೆಟ್ಟಿಗೆಯೊಳಗಿಡಿ. ಒಂದೂವರೆ ಗಂಟೆಗೆ ನೋಡಿ. ಅಗುಳಿನ ನಡುವೆ ಗಟ್ಟಿ ಇದ್ದರೆ ಐದು ನಿಮಿಷ ಮತ್ತೆ ಕುದಿಸಿ ಪುನಃ ಇಡಿ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ಅರ್ಧ ಖಾಲಿ ಪಾತ್ರೆಯಲ್ಲಿ ಶಾಖ ನಿಲ್ಲುವುದಿಲ್ಲ, ಬಹುತೇಕ ಮನೆಗಳಲ್ಲಿ ಇದು ಕೈಕೊಡುವುದು ಈ ಕಾರಣಕ್ಕೆ. ನಾಲ್ಕು ಗಂಟೆಗಿಂತ ಹೆಚ್ಚು ಒಳಗೆ ಬಿಡಬೇಡಿ. 60 ಡಿಗ್ರಿಗಿಂತ ಕೆಳಗಿಳಿದರೆ ಮೊದಲ ಉತ್ತರದಲ್ಲಿ ಹೇಳಿದ ಬ್ಯಾಕ್ಟೀರಿಯಾಗೆ ಅದು ಒಳ್ಳೆಯ ಮನೆ.

ಕಡಲೆ, ಹೆಸರುಕಾಳನ್ನೂ ಹೀಗೆ ಬೇಯಿಸಬಹುದು. ರಾಜ್ಮಾ ಮಾತ್ರ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಪೂರ್ತಿ ಕುದಿಯುವ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಬೆಂದ ಮೇಲೆಯೇ ಪೆಟ್ಟಿಗೆಗೆ ಹೋಗಬೇಕು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಸಣ್ಣ ಶಾಖಕ್ಕೆ ನಾಶವಾಗದು, ಹೊಟ್ಟೆ ಕೆಡಿಸುತ್ತದೆ.

ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಸೋಡಾ ಹಾಕದೆ ಏನು ಮಾಡಬಹುದು?
— ಮಡಿಕೇರಿ ಮತ್ತು ಟೊರಾಂಟೊದಿಂದ ಇಬ್ಬರು ಓದುಗರು

ಇಬ್ಬರ ತೊಂದರೆಯೂ ಒಂದೇ. ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾ ಚುರುಕಾಗಿರುವುದು 28ರಿಂದ 32 ಡಿಗ್ರಿಯಲ್ಲಿ. ಆಗ ಎಂಟರಿಂದ ಹತ್ತು ಗಂಟೆ ಸಾಕು. 20 ಡಿಗ್ರಿಯಲ್ಲಿ ಇಡೀ ದಿನ ಬೇಕು, ಅದಕ್ಕಿಂತ ಕೆಳಗೆ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ. ಟೊರಾಂಟೊದವರು ಓವನ್ ಹಚ್ಚದೆ ಅದರ ದೀಪ ಮಾತ್ರ ಉರಿಸಿ ಒಳಗಿಡಿ. ಮಡಿಕೇರಿಯವರಿಗೆ ಮೇಲೆ ಹೇಳಿದ ಪೆಟ್ಟಿಗೆಯೇ ಸಾಕು: ಹಿಟ್ಟಿನ ಪಾತ್ರೆಯ ಪಕ್ಕ ಬಿಸಿನೀರು ತುಂಬಿದ ಎರಡು ಬಾಟಲಿ ಇಟ್ಟು ಮುಚ್ಚಿ, ಮಲಗುವ ಮುನ್ನ ಒಮ್ಮೆ ನೀರು ಬದಲಿಸಿ. ಪಾತ್ರೆಗೆ ಬಾಟಲಿ ತಾಗದಿರಲಿ, ತಾಗಿದ ಕಡೆ ಹಿಟ್ಟು ಬೇಯುತ್ತದೆ.

ಅಳತೆ: ಇಡ್ಲಿ ಅಕ್ಕಿ ಮೂರು ಲೋಟ, ಗುಂಡು ಉದ್ದು ಒಂದು ಲೋಟ, ಅರ್ಧ ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಉದ್ದನ್ನು ನಾಲ್ಕು ಗಂಟೆ ನೆನೆಸಿ. ಮಿಕ್ಸಿಯಾದರೆ ತಣ್ಣೀರು ಹಾಕಿ ನಿಲ್ಲಿಸಿ ನಿಲ್ಲಿಸಿ ರುಬ್ಬಿ, ಬಿಸಿಯಾದ ಉದ್ದಿನ ಹಿಟ್ಟು ಗಾಳಿ ಹಿಡಿಯದು. ಒಂದು ಹನಿ ಹಿಟ್ಟು ನೀರಿನ ಮೇಲೆ ತೇಲಿದರೆ ರುಬ್ಬಿದ್ದು ಸಾಕು. ಹಳೆಯ ಉದ್ದು ನೊರೆ ಕಟ್ಟುವುದಿಲ್ಲ, ಹೊರದೇಶದ ಅಂಗಡಿಗಳ ಉದ್ದಿನಲ್ಲಿ ಇದು ಹೆಚ್ಚು, ಪೊಟ್ಟಣದ ತಾರೀಖು ನೋಡಿ ಕೊಳ್ಳಿ. ಅಕ್ಕಿ, ಉದ್ದು ಸೇರಿಸುವಾಗ ಕೈಯಲ್ಲಿ ಕಲಸಿ, ಹಿಂದಿನ ಹಿಟ್ಟು ಉಳಿದಿದ್ದರೆ ಎರಡು ಚಮಚ ಬೆರೆಸಿ. ಉಬ್ಬಿ ಇಳಿದುಹೋದ ಹಿಟ್ಟಿಗೆ ಇಡ್ಲಿ ಆಗದು, ಅದು ಪಡ್ಡಿಗೆ, ದೋಸೆಗೆ.

ನಮ್ಮ ಬೋರ್‌ವೆಲ್ ನೀರಿನಲ್ಲಿ ಸಾಬೂನು ನೊರೆಯೇ ಬರುವುದಿಲ್ಲ. ಅಂಟುವಾಳದಲ್ಲಿ ಬಟ್ಟೆ ಒಗೆಯಬಹುದೆ?
— ವಿಜಯಪುರದ ಓದುಗರು

ಗಡಸು ನೀರಿಗೆ ಅದು ಒಳ್ಳೆಯ ಆಯ್ಕೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಬಿಳಿ ಗಸಿಯಾಗಿ ಬಟ್ಟೆಗೆ ಹತ್ತುತ್ತವೆ. ಅಂಟುವಾಳದಲ್ಲಿ ನೊರೆ ತರುವ ಸಪೋನಿನ್ ಎಂಬ ಅಂಶ ಹಾಗೆ ಗಸಿ ಕಟ್ಟುವುದಿಲ್ಲ. ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು ಒಂದೂವರೆ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ಕಿವುಚಿ ಸೋಸಿ. ಈ ನೀರು ಹೊರಗಿಟ್ಟರೆ ಎರಡು ಮೂರು ದಿನಕ್ಕೆ ನಾರುತ್ತದೆ, ಬೇಕಾದಷ್ಟೇ ಮಾಡಿ ಅಥವಾ ಐಸ್ ಟ್ರೇಯಲ್ಲಿ ಗಟ್ಟಿಮಾಡಿಟ್ಟುಕೊಳ್ಳಿ. ವಾಷಿಂಗ್ ಮಷೀನಿಗೆ ಹಳೆಯ ಕಾಲುಚೀಲದಲ್ಲಿ ಐದಾರು ಸಿಪ್ಪೆ ಕಟ್ಟಿ, ಮೊದಲು ಹದಿನೈದು ನಿಮಿಷ ಬಿಸಿನೀರಿನಲ್ಲಿ ನೆನೆಸಿ ಆ ನೀರಿನ ಸಮೇತ ಹಾಕಿ. ತಣ್ಣೀರಿಗೆ ಸಿಪ್ಪೆ ಬೇಗ ರಸ ಬಿಡುವುದಿಲ್ಲ.

ರೇಷ್ಮೆ, ಉಣ್ಣೆ, ಬಣ್ಣದ ಬಟ್ಟೆಗೆ ಇದು ಹಿತ. ಕಾಲರಿನ ಜಿಡ್ಡು, ಅಡುಗೆ ಎಣ್ಣೆಯ ಕಲೆಗೆ ಸಾಲದು, ಅಲ್ಲಿ ಬಾರ್ ಸಾಬೂನು ಉಜ್ಜಿ. ಬಿಳಿ ಬಟ್ಟೆ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಕಣ್ಣಿಗೆ ಬಿದ್ದರೆ ತುಂಬ ಉರಿ. ಒಗೆದ ನೀರನ್ನು ಕೆರೆ, ಮೀನಿನ ತೊಟ್ಟಿಗೆ ಬಿಡಬೇಡಿ, ಸಪೋನಿನ್ ಮೀನಿಗೆ ವಿಷ. ತೆಂಗಿನ ಬುಡಕ್ಕೆ ಬಿಡಿ.

ಹೊಲದ ಬದುವಿನ ಸೊಪ್ಪು ಕಿತ್ತು ತಿನ್ನುವುದನ್ನು ಮಕ್ಕಳಿಗೆ ಕಲಿಸಬೇಕೆಂದಿದೆ. ಯಾವುದು ಸುರಕ್ಷಿತ?
— ಶಿವಮೊಗ್ಗದ ಓದುಗರು

ಒಂದೆಲಗ, ಹೊನಗೊನ್ನೆ, ಗಣಿಕೆ, ಕೆಸು, ಈ ನಾಲ್ಕರಿಂದ ಶುರುಮಾಡಿ. ಹೂವು, ಕಾಯಿ ಎರಡನ್ನೂ ನೋಡದೆ ಗಣಿಕೆ ಎಂದು ತೀರ್ಮಾನಿಸಬೇಡಿ. ಎಳೆಯ ಉಮ್ಮತ್ತಿ ಗಿಡವನ್ನು ಗಣಿಕೆಯೆಂದು ಕಿತ್ತವರಿದ್ದಾರೆ. ಗಣಿಕೆಯ ಕಪ್ಪಾದ ಹಣ್ಣು ತಿನ್ನಬಹುದು, ಹಸಿರು ಕಾಯಿ ಬೇಡ. ಒಂದೆಲಗ, ಹೊನಗೊನ್ನೆ ಒದ್ದೆ ನೆಲದ ಗಿಡಗಳಾದ್ದರಿಂದ ಚರಂಡಿಯ ಅಂಚಿನಲ್ಲೇ ಸೊಂಪಾಗಿ ಬೆಳೆಯುತ್ತವೆ, ಅಲ್ಲಿನ ಸೀಸದಂಥ ಲೋಹಗಳನ್ನೂ ಹೀರುತ್ತವೆ. ತೊಳೆದರೆ ಅದು ಹೋಗದು. ಹೆದ್ದಾರಿಯ ಪಕ್ಕ, ಕಳೆನಾಶಕ ಹೊಡೆದ ತೋಟದಲ್ಲೂ ಕೀಳಬೇಡಿ.

ಒಂದೆಲಗದ ತಂಬುಳಿಗೆ ನಾಲ್ಕು ಜನಕ್ಕೆ ಬೇರು ಸಮೇತ ಒಂದು ಹಿಡಿ ಸಾಕು. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಮೂರು ಚಮಚ ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ ಎರಡು ಲೋಟ ಮಜ್ಜಿಗೆಗೆ ಬೆರೆಸಿ. ಹಸಿಯಾಗಿ ತಿನ್ನುವುದರಿಂದ ಮೂರು ನೀರಿನಲ್ಲಿ ತೊಳೆಯಿರಿ. ಕೆಸುವಿನ ತುರಿಕೆ ಎಲೆಯೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳದು. ಪತ್ರೊಡೆಯ ಹಿಟ್ಟಿಗೆ ಹುಣಸೆ ಧಾರಾಳವಾಗಿ ಹಾಕಿ, ಕನಿಷ್ಠ 40 ನಿಮಿಷ ಹಬೆಯಲ್ಲಿ ಬೇಯಿಸಿ. ಕತ್ತರಿಸುವವರು ಕೈಗೆ ಎಣ್ಣೆ ಸವರಿಕೊಳ್ಳಲಿ. ಮಕ್ಕಳು ಕಾಡುಕೆಸುವನ್ನು ಮುಟ್ಟಿದ ಕೈಯಲ್ಲಿ ಕಣ್ಣುಜ್ಜದಂತೆ ನೋಡಿಕೊಳ್ಳಿ.